ಒಂಬತ್ತು ಬುಧವಾರಕ್ಕೆ ರಕ್ಷಣೆ ಖಾತ್ರಿ ಅನ್ನುವ ಮೆಸೇಜ್ ಸರಿಯಲ್ಲ

ಮುಂಬೈನ ನಮ್ಮ ಕನ್ನಡ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಮಾಹಿಮ್ ಚರ್ಚಿಗೆ ಒಂಬತ್ತು ಬುಧವಾರ ಹೋಗಿ ಮೇಣದಬತ್ತಿ ಹಚ್ಚಿದರೆ ರಕ್ಷಣೆ (ಪಾಪದಿಂದ ಬಿಡುಗಡೆ) ಖಾತ್ರಿ, ಒಂದು ವಾರ ತಪ್ಪಿದರೂ ಇಲ್ಲ. ಇದು ತಪ್ಪು.

ಹೀಗೆ ಒಂಬತ್ತು ವಾರ ಮಾಡುವ ನೊವೆನಾ ಒಂದು ಪ್ರಾರ್ಥನೆ. ಖಂಡಿತ ಹೋಗಿ. ಆದರೆ ಅದು ರಕ್ಷಣೆಗೆ ಕಟ್ಟುವ ಬೆಲೆ ಅಲ್ಲ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ, 8 ಮತ್ತು 9ನೇ ವಚನ ತೆಗೆದು ನೋಡಿ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ ಸಿಗುವ ದೇವರ ವರ. ನಮ್ಮ ಕೆಲಸಕ್ಕೆ ಸಿಗುವ ಕೂಲಿ ಅಲ್ಲ. ಒಳ್ಳೆಯ ಕೆಲಸದ ಮಾತು ಅದರ ನಂತರ, 10ನೇ ವಚನದಲ್ಲಿ ಬರುತ್ತದೆ. ಇದು ಪ್ರೊಟೆಸ್ಟೆಂಟರ ಮಾತು ಮಾತ್ರ ಅಲ್ವಾ ಅಂದರೆ, ಅಲ್ಲ. 1999ರಲ್ಲಿ ಕ್ಯಾಥೊಲಿಕರು, ಲೂಥರನ್ನರು (ಪ್ರೊಟೆಸ್ಟೆಂಟರ ಒಂದು ಪಂಗಡ) ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಇದನ್ನೇ ಹೇಳುವ ಘೋಷಣೆಗೆ ಒಟ್ಟಿಗೆ ಸಹಿ ಹಾಕಿದ್ದಾರೆ.

ಮಂಡಿನೋವಿಂದ ಒಂದು ಬುಧವಾರ ತಪ್ಪಿಸಿಕೊಂಡ ಅಜ್ಜಿ ಇದನ್ನು ಓದಿದರೆ ಎಷ್ಟು ಹೆದರಬಹುದು! ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗ್ರೂಪಿಗೆ ಇದನ್ನೂ ಹಾಕಿ.