ಕಪ್ಪತಗುಡ್ಡದ ನೆತ್ತಿಗೆ ಖಾಸಗಿ ವಾಹನ ಹೋಗುವುದನ್ನು ನಿಷೇಧಿಸಬೇಕೆ?

ಪರ: ಗಾಡಿ ಬುಡದಲ್ಲೇ ನಿಲ್ಲಲಿ

ಗದಗ ಜಿಲ್ಲೆಯ ಕಪ್ಪತಗುಡ್ಡದ ಮೈಯೆಲ್ಲ ಗರಸು, ಅಂದರೆ ಹರಳು ಬೆರೆತ ಮಣ್ಣು. ಎಷ್ಟೋ ಕಡೆ ಕಲ್ಲಿನ ಮೇಲೆ ಗೇಣುದ್ದವೂ ಮಣ್ಣಿಲ್ಲ, ಇದ್ದಷ್ಟನ್ನು ಹಿಡಿದು ನಿಲ್ಲಿಸಿರುವುದು ಹುಲ್ಲಿನ ಬೇರು. ಮುಂಗಾರಿಗೆ ಗುಡ್ಡ ಹಸಿರಾಯಿತೆಂದರೆ ಸಾಕು, ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಬೈಕು, ಕಾರುಗಳು ಗುಡ್ಡದ ಮೇಲಿನ ಗಾಳಿಗುಂಡಿಯ ದಾರಿ ಹಿಡಿಯುತ್ತವೆ. ನೆಲ ನೆನೆದು ಮೆತ್ತಗಾಗಿರುವುದೂ ಅದೇ ಹೊತ್ತಿಗೆ.

ಎದುರಿಗೆ ಗಾಡಿ ಬಂತೆಂದು ಒಂದು ಕಾರು ಹುಲ್ಲಿಗಿಳಿಯಿತು ಎನ್ನಿ. ಗಾಲಿ ಹೋದ ಗೆರೆಯಲ್ಲಿ ಹುಲ್ಲು ಮಲಗುತ್ತದೆ, ಮಣ್ಣು ಗಟ್ಟಿಯಾಗಿ ನೀರು ಇಂಗುವುದು ನಿಲ್ಲುತ್ತದೆ. ಮುಂದಿನ ಮಳೆ ಆ ಗೆರೆಯಲ್ಲೇ ಹರಿಯುತ್ತದೆ. ಮೊದಲು ಸಣ್ಣ ಮಣ್ಣು ತೊಳೆದು ಹೋಗಿ ಹರಳು ಉಳಿಯುತ್ತದೆ, ಆಮೇಲೆ ಹರಳೂ ಉರುಳಿ ಗೆರೆ ಕೊರಕಲಾಗುತ್ತದೆ. ಅದನ್ನು ತಪ್ಪಿಸಲು ಮುಂದಿನ ಗಾಡಿ ಒಂದು ಮಾರು ಆಚೆ ಸರಿಯುತ್ತದೆ. ಹೀಗೆ ಒಂದು ಜಾಡು ನಾಲ್ಕಾಗುತ್ತದೆ.

ದುರಸ್ತಿ ಮಾಡಬಹುದಲ್ಲ ಎನ್ನುತ್ತಾರೆ. ಮಾಡಬಹುದು. ಹರಿಯುವ ನೀರನ್ನು ಪಕ್ಕಕ್ಕೆ ತಿರುಗಿಸಲು ಜಾಡಿಗೆ ಓರೆಯಾಗಿ ಕಲ್ಲಿನ ಸಾಲು ಹೂಳಬೇಕು, ಪ್ರತಿ ಕಲ್ಲಿನ ಮೂರರಲ್ಲಿ ಎರಡು ಪಾಲು ನೆಲದೊಳಗಿರಬೇಕು. ಸಾಲಿನ ಕೆಳತುದಿ ಜಾಡು ದಾಟಿ ಎರಡಡಿ ಆಚೆ ಹುಲ್ಲಿನಲ್ಲಿ ಬಾಯಿ ಬಿಡಬೇಕು. ಇಳಿಜಾರು ಕಡಿದಾದಷ್ಟೂ ಸಾಲುಗಳು ಹತ್ತಿರ ಹತ್ತಿರ. ಮಳೆಗಾಲಕ್ಕೆ ಮೊದಲು ಆ ಬಾಯಿಯ ಮಣ್ಣು ತೆಗೆಯದಿದ್ದರೆ ನೀರು ಕಲ್ಲಿನ ಮೇಲೇ ಹತ್ತಿ ದಾಟುತ್ತದೆ, ಮಾಡಿದ ಕೆಲಸವೆಲ್ಲ ನೀರುಪಾಲು. ಆದರೆ ಈ ಸಾಲು ತಾಳುವುದು ಮನುಷ್ಯರ ಕಾಲಿಗೆ. ನಾಲ್ಕು ಸಲ ಗಾಲಿ ಹತ್ತಿ ಇಳಿದರೆ ಕಲ್ಲು ಅಲುಗುತ್ತದೆ, ಅಲುಗಿದ ಕಲ್ಲಿನ ಸುತ್ತಲೇ ಹೊಸ ಕೊರೆತ ಶುರುವಾಗುತ್ತದೆ.

ಬುರ್ಲಿ ಹಕ್ಕಿ ಮೊಟ್ಟೆ ಇಡುವುದು ಇದೇ ಮಳೆಗಾಲದಲ್ಲಿ, ಇದೇ ಹುಲ್ಲಿನ ಬುಡದಲ್ಲಿ. ಕೊಂಡುಕುರಿ, ತೋಳ, ಕತ್ತೆಕಿರುಬ ಇರುವ ಗುಡ್ಡ ಇದು. ಇನ್ನು ಜನವರಿಯಿಂದ ಏಪ್ರಿಲ್‌ವರೆಗೆ ಬೆಂಕಿಯ ಕಾಲ. ಎದೆಮಟ್ಟ ಬೆಳೆದ ಬಾದೆ ಹುಲ್ಲು ಒಣಗಿ ನಿಂತಿರುತ್ತದೆ, ಗಾಳಿಗಂತೂ ಇಲ್ಲಿ ಬರವೇ ಇಲ್ಲ. ಬೆಂಕಿ ಹರಡದಿರಲೆಂದು ಅರಣ್ಯ ಇಲಾಖೆ ಹುಲ್ಲು ಸವರಿ ಸುಟ್ಟ ಬೆಂಕಿ ರೇಖೆಯನ್ನು ಒಂದು ಕಿಡಿ ಹಾರಿ ದಾಟಬಲ್ಲದು. ಯಾರು ಎಲ್ಲಿ ಗಾಡಿ ನಿಲ್ಲಿಸಿ ಬೀಡಿ ಹಚ್ಚಿದರು ಎಂದು ಇಷ್ಟು ದೊಡ್ಡ ಗುಡ್ಡದಲ್ಲಿ ಯಾವ ಗಾರ್ಡ್ ನೋಡಬೇಕು? ಬುಡದಲ್ಲಿ ಒಂದೇ ಬಾಗಿಲಿದ್ದರೆ ಬೆಂಕಿಪೊಟ್ಟಣ, ಬಾಟಲಿ ಎರಡನ್ನೂ ಅಲ್ಲೇ ಇಡಿಸಬಹುದು.

ಬುಡದಿಂದ ಜನರನ್ನು ಮೇಲಕ್ಕೆ ಒಯ್ಯುವ ಬಸ್ಸಿನ ಲೆಕ್ಕವೂ ಕಷ್ಟದ್ದಲ್ಲ. ಭಾನುವಾರ 200 ಕಾರು, ಕಾರಿಗೆ ನಾಲ್ವರು ಎಂದು ಹಿಡಿದರೆ 800 ಜನ. 25 ಸೀಟಿನ ಮಿನಿ ಬಸ್ಸಿಗೆ 32 ಸರತಿ, ಅಂದರೆ ನಾಲ್ಕು ಬಸ್ಸು ತಲಾ ಎಂಟು ಸಲ ಹತ್ತಿ ಇಳಿಯಬೇಕು. ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಖಾಸಗಿ ಗಾಡಿ ಬುಡದಲ್ಲೇ ನಿಲ್ಲುತ್ತದೆ, ಭಕ್ತರು ಸಾರಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ದೇವರಿಗೂ ಕಾಡಿಗೂ ಅದರಿಂದ ತೊಂದರೆಯಾಗಿಲ್ಲ. ಗಾಡಿ ಮೇಲೇ ಹೋಗಬೇಕೆನ್ನುವವರು ನೆತ್ತಿಯ ಮೇಲೆ ಸ್ಪೀಕರ್ ಹಚ್ಚಿ ಕುಣಿಯುವವರ ಬೆನ್ನಿಗೆ ನಿಂತಂತೆ.

2015ರಲ್ಲಿ ಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶ ಎಂದು ಘೋಷಿಸಿದ ಸರ್ಕಾರವೇ 2016ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಗಣಿಗಾರಿಕೆ ಬೇಡವೆಂದು ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಜೊತೆ ಗದಗಿನ ಜನ ಬೀದಿಗಿಳಿದ ಮೇಲೆ 2017ರಲ್ಲಿ ಅದು ಮರಳಿ ಬಂತು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಗಣಿಯ ಬಾಯಿಂದ ಬಿಡಿಸಿಕೊಂಡ ಗುಡ್ಡವನ್ನು ಗಾಲಿಗೆ ಒಪ್ಪಿಸಬಾರದು.

ವಿರೋಧ: ಮಿತಿ ಇರಲಿ, ನಿಷೇಧ ಬೇಡ

ಮಣ್ಣಿನ ಬಗ್ಗೆ ಮೇಲೆ ಬರೆದದ್ದಕ್ಕೆ ತಕರಾರಿಲ್ಲ. ಹುಲ್ಲಿನ ಮೇಲೆ ಗಾಡಿ ಇಳಿಸುವವರಿಗೆ ದಂಡ ಹಾಕಲೇಬೇಕು. ಆದರೆ ಗುಡ್ಡದ ಮೇಲೆ ವಿದ್ಯುತ್ ಮಾಡುವ ಗಾಳಿಯಂತ್ರದ ರೆಕ್ಕೆ ಸಾಗಿಸಲು ಗುಡ್ಡ ಕಡಿದು ದಾರಿ ಮಾಡಿದ್ದು ಪ್ರವಾಸಿಗರಲ್ಲ. ಆ ದಾರಿಯ ಚರಂಡಿ, ಅಂಚುಗಳನ್ನು ಬಿಟ್ಟು ಕಾರಿನ ಗಾಲಿಯನ್ನಷ್ಟೇ ಹಿಡಿಯುವುದು ಸರಿಯಲ್ಲ.

ಬಸ್ಸಿನ ಲೆಕ್ಕ ಕಾಗದದ ಮೇಲೆ ಸಲೀಸು. 200 ಕಾರು ಬುಡದಲ್ಲಿ ನಿಲ್ಲಬೇಕಾದರೆ, ತಿರುಗಿಸುವ ಜಾಗವೂ ಸೇರಿ ಕಾರಿಗೆ 25 ಚದರ ಮೀಟರ್ ಬೇಕು. ಒಟ್ಟು 5,000 ಚದರ ಮೀಟರ್, ಸುಮಾರು ಒಂದೂಕಾಲು ಎಕರೆ. ಅದು ಯಾರ ಹೊಲ? ಶೌಚಾಲಯ, ಕುಡಿಯುವ ನೀರು, ಮಳೆಗೆ ನಿಲ್ಲಲು ತಗಡಿನ ಚಪ್ಪರ ಆ ಲೆಕ್ಕದಲ್ಲಿಲ್ಲ. ಒಂದು ಬಸ್ಸು ಕೆಟ್ಟರೆ ಕಾಲುಭಾಗ ಸರತಿ ತಪ್ಪುತ್ತದೆ. ಸಂಜೆ ಇಳಿಯುವವರೆಲ್ಲ ಒಂದೇ ಹೊತ್ತಿಗೆ ಸೇರುತ್ತಾರೆ. 200 ಜನ ಕಾಯುತ್ತಿದ್ದರೆ ನಾಲ್ಕು ಬಸ್ಸು ತಲಾ ಎರಡು ಸಲ ಬರಬೇಕು. ಅಷ್ಟರಲ್ಲಿ ಕತ್ತಲೆ. ಶ್ರಾವಣ ಸೋಮವಾರ ಗುಡ್ಡದ ದೇವರು ಕಪ್ಪತ ಮಲ್ಲೇಶ್ವರನಿಗೆ ಬುತ್ತಿ ಕಟ್ಟಿಕೊಂಡು ಮೊಮ್ಮಕ್ಕಳೊಂದಿಗೆ ಬರುವ ಅಜ್ಜಿಯನ್ನು ಆ ಸಾಲಿನಲ್ಲಿ ನಿಲ್ಲಿಸುವುದೇ?

ಸಂಖ್ಯೆಗೆ ಮಿತಿ ಸಾಕು. ಮಹಾರಾಷ್ಟ್ರದ ಸಾತಾರದ ಕಾಸ್ ಪಠಾರದಲ್ಲಿ ಹೂವಿನ ಕಾಲಕ್ಕೆ ದಿನಕ್ಕಿಷ್ಟೇ ಜನ ಎಂಬ ಮಿತಿಯಿದೆ. ಊಟಿ, ಕೊಡೈಕೆನಾಲ್‌ಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬಂದಿದೆ. ಇಲ್ಲಿಯೂ ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು ಪಾಳಿ ಮಾಡಿ ಪಾಳಿಗಿಷ್ಟೇ ಗಾಡಿ ಎಂದು ಪಾಸು ಕೊಡಲಿ. ಪಾಸಿನ ಮೂರರಲ್ಲಿ ಒಂದು ಪಾಲು ಬಾಗಿಲಲ್ಲೇ ಸಿಗಬೇಕು, ಇಲ್ಲವಾದರೆ ಮೊಬೈಲ್ ಬುಕಿಂಗ್ ಬಾರದ ಸುತ್ತಲಿನ ಹಳ್ಳಿಯವರು ತಮ್ಮ ಗುಡ್ಡಕ್ಕೇ ಹೊರಗಿನವರಾಗುತ್ತಾರೆ. ಪ್ಲಾಸ್ಟಿಕ್ ಬಾಟಲಿಗೆ ಚೀಟಿ ಅಂಟಿಸಿ 20 ರೂಪಾಯಿ ಠೇವಣಿ ಹಿಡಿದು, ಚೀಟಿ ಸಮೇತ ಬಾಟಲಿ ತಂದವರಿಗೆ ಇಳಿಯುವಾಗ ಮರಳಿಸಲಿ. ಚೀಟಿ ಮಳೆಯಲ್ಲಿ ಕರಗದಂಥದ್ದಾಗಿರಬೇಕು. ಜಾಗ ತಪ್ಪಿ ನಿಲ್ಲುವುದನ್ನು ತಡೆಯಲು ದಾರಿಯ ಅಂಚಿಗೆ ನಾಲ್ಕಡಿಗೊಂದರಂತೆ ಮೊಣಕಾಲೆತ್ತರದ ಕಲ್ಲು ನೆಟ್ಟರೆ ಕಾರು ಹುಲ್ಲಿಗೆ ಇಳಿಯಲಾರದು. ಬೈಕು ಮಾತ್ರ ಆ ಸಂದಿಯಲ್ಲಿ ನುಸುಳುತ್ತದೆ. ಅದಕ್ಕೆ ತಿರುವುಗಳಲ್ಲಿ ಕಲ್ಲಿನ ನಡುವೆ ಅಡ್ಡ ಪೈಪು ಹಾಕಬೇಕಾದೀತು.