ಸ್ಪಷ್ಟನೆ: ಸೈಕಲ್ ಮೇಲಿರುವವರು ಪೇಟ್ಕರ್ ಅಲ್ಲ
ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದ ಸವಾರನ ಫೋಟೋ ಕಲಬುರಗಿಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ‘ಮಾಜಿ ಸೈನಿಕ ಮುರಳಿಕಾಂತ್ ಪೇಟ್ಕರ್, ಸೈಕ್ಲಿಂಗ್‌ನಲ್ಲಿ ಚಿನ್ನ’ ಅಂತ ಬರೆದಿದ್ದಾರೆ. ಇದು ತಪ್ಪು.

ಫೋಟೋದಲ್ಲಿರುವವರು ಬ್ರಿಟಿಷ್ ಸೇನೆಯಲ್ಲಿದ್ದ ಜಾಕೋ ವ್ಯಾನ್ ಗಾಸ್. 2009ರಲ್ಲಿ ಅಫ್ಗಾನಿಸ್ತಾನದಲ್ಲಿ ಗ್ರೆನೇಡ್ ಬಡಿದು ಎಡಗೈ ಹೋಯಿತು. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಸೈಕಲ್ ತುಳಿದು ಚಿನ್ನ ಗೆದ್ದರು. ನಮ್ಮ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡೇಟು ತಿಂದವರು. 1972ರಲ್ಲಿ ಅವರು ಗೆದ್ದದ್ದು ಈಜಿನಲ್ಲಿ. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಚಿನ್ನ ಅದು! ಹೆಸರು ಅದಲು ಬದಲು ಮಾಡಿದರೆ ಇಬ್ಬರಿಗೂ ಅನ್ಯಾಯ ಅಲ್ವಾ?

ಫೋಟೋನೇ ನಕಲಿ ಅನ್ನುವವರೂ ಇದ್ದಾರೆ. ನಮ್ಮ ಓಣಿಯ ಸೈಕಲ್ ರಿಪೇರಿ ಅಣ್ಣ ಫೋಟೋ ದೊಡ್ಡದು ಮಾಡಿ ನೋಡಿ, “ಬ್ರೇಕ್ ಎಲ್ಲಿದಾವ್ರೀ?” ಅಂದರು. ಆದರೆ ಅದು ರೇಸ್ ಟ್ರ್ಯಾಕ್ ಮೇಲೆ ಓಡಿಸುವ ಟ್ರ್ಯಾಕ್ ಸೈಕಲ್. ಅದಕ್ಕೆ ಬ್ರೇಕ್ ಇರುವುದಿಲ್ಲ, ಪೆಡಲ್ ನಿಲ್ಲಿಸಿದರೂ ಚಕ್ರ ತಿರುಗಲು ಬಿಡುವ ಫ್ರೀವೀಲೂ ಇಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ವೇಗ ಇಳಿಸುವುದೂ ಕಾಲಿನಿಂದಲೇ.