ಚಾವಣಿ ಇರಲಿ, ಗೋಡೆ ಬೇಡ

ಕಳೆದ ಭಾನುವಾರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ಜಗಳ. ಪಿಕಲ್‌ಬಾಲ್ ಒಳಗೆ ಆಡೋದಾ, ಹೊರಗೆ ಆಡೋದಾ? ಇರೋದು ಎಂಟು ಜನ, ಬಂದದ್ದು ಒಂಬತ್ತು ಅಭಿಪ್ರಾಯ. ನಾನು ಮೂರು ವಾಯ್ಸ್ ಮೆಸೇಜ್ ಹಾಕಿದೆ. ಯಾರೂ ಪೂರ್ತಿ ಕೇಳಲಿಲ್ಲ ಅಂತ ಅವರ ಉತ್ತರ ನೋಡಿದ ಮೇಲೆ ಗೊತ್ತಾಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ನಾನು ಕಲಬುರಗಿಯವಳು. ವಯಸ್ಸು 47, ಸರ್ಕಾರಿ ನೌಕರಿ. ಪ್ಯಾಡಲ್ (ಈ ಆಟದ ಬ್ಯಾಟು) ಹಿಡಿದು ಒಂದೂವರೆ ವರ್ಷವಾಯಿತು. ಮೊದಲ ದಿನ ಆಟದ ಹೆಸರು ಹೇಳಿದಾಗ ನಮ್ಮ ಅವ್ವ, "ಉಪ್ಪಿನಕಾಯಿ ಆಟ ಅಂದ್ರ ಏನವಾ? ಭರಣಿ ಒಡಿಯೋದೇನು?" ಎಂದು ಕೇಳಿದ್ದಳು. ಓಣಿಯವರದು ಬೇರೆ ಪ್ರಶ್ನೆ. "ಏನ್ರೀ ಮೇಡಂ, ಈ ವಯಸ್ಸಿನ್ಯಾಗ ಬ್ಯಾಟ್ ಹಿಡಕೊಂಡು ಎಲ್ಲಿ ಹೊಂಟೀರಿ?" ಈಗ ಅದೇ ಓಣಿಯ ಇಬ್ಬರು ನನ್ನ ಜೊತೆ ಆಡುತ್ತಾರೆ. ಅದು ಬಿಡಿ.

ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಿಬಿಡುತ್ತೇನೆ. ಇದು 1965ರ ಬೇಸಿಗೆಯಲ್ಲಿ ಅಮೆರಿಕದ ಬೇನ್‌ಬ್ರಿಜ್ ದ್ವೀಪದಲ್ಲಿ ಹುಟ್ಟಿದ ಆಟ. ಜೋಯಲ್ ಪ್ರಿಚರ್ಡ್ ಎನ್ನುವವರ ಮನೆಯಲ್ಲಿ ಹಳೆಯ ಬ್ಯಾಡ್ಮಿಂಟನ್ ಕೋರ್ಟ್ ಇತ್ತು, ಬ್ಯಾಡ್ಮಿಂಟನ್ ಸಾಮಾನು ಪೂರ್ತಿ ಸಿಗಲಿಲ್ಲ. ಬೇಜಾರಾಗಿ ಕೂತಿದ್ದ ಮಕ್ಕಳಿಗೆ ಅವರು ಮತ್ತು ಗೆಳೆಯ ಬಿಲ್ ಬೆಲ್ ಸೇರಿ ಟೇಬಲ್ ಟೆನ್ನಿಸ್ ಬ್ಯಾಟು, ತೂತಿನ ಪ್ಲಾಸ್ಟಿಕ್ ಚೆಂಡು ಕೊಟ್ಟು ಆಡಿಸಿದರು. ಇವತ್ತಿಗೂ ಕೋರ್ಟಿನ ಅಳತೆ ಅದೇ, 20 ಅಡಿ ಅಗಲ, 44 ಅಡಿ ಉದ್ದ. ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನಷ್ಟೇ. ನೆಟ್ ಮಾತ್ರ ಕೆಳಗೆ, ಅಂಚಿನಲ್ಲಿ 36 ಇಂಚು, ನಡುವೆ 34. ನೆಟ್‌ನ ಎರಡೂ ಕಡೆ 7 ಅಡಿ ಜಾಗಕ್ಕೆ 'ಕಿಚನ್' ಎಂದು ಹೆಸರು. ಅದರೊಳಗೆ ನಿಂತು ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹೊಡೆಯುವಂತಿಲ್ಲ. ಹೆಣ್ಣುಮಕ್ಕಳಿಗೆ "ಕಿಚನ್ನಿಂದ ಹೊರಗೆ ಬಾ" ಎಂದು ಕೂಗಿ ಹೇಳುವ ಇನ್ನೊಂದು ಜಾಗ ನಾನು ನೋಡಿಲ್ಲ!

ಅಂದರೆ ಆಟ ಹುಟ್ಟಿದ್ದೇ ಮನೆಯ ಹಿತ್ತಲಲ್ಲಿ, ಬಯಲಲ್ಲಿ. ನಮ್ಮ ಗುಂಪಿನ ಬಯಲು ಪಾರ್ಟಿ ಇದನ್ನೇ ಹಿಡಿದು ವಾದ ಮಾಡುತ್ತದೆ. ಸರಿ. ಆದರೆ ಅಮೆರಿಕದವರ ಬೇಸಿಗೆಯೇ ಬೇರೆ, ನಮ್ಮ ಬೇಸಿಗೆಯೇ ಬೇರೆ. ಕಚೇರಿಯ ಹೊತ್ತನ್ನೇ ಬದಲಿಸುವ ಬಿಸಿಲು ನಮ್ಮದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. 42, 43 ಡಿಗ್ರಿ ನಮಗೆ ಸುದ್ದಿಯೇ ಅಲ್ಲ.

ಹಾಗಾದರೆ ಒಳಗೆ ಆಡಿ ಅಂತೀರಿ. ಬನ್ನಿ, ನಮ್ಮ 'ಇಂಡೋರ್' ತೋರಿಸುತ್ತೇನೆ.

ನಾನು ಆಟ ಕಲಿತದ್ದು ರಿಂಗ್ ರೋಡ್ ಕಡೆಯ ಒಂದು ಶೆಡ್‌ನಲ್ಲಿ. ಮೇಲೆ ತಗಡು, ನಾಲ್ಕು ಕಡೆಯೂ ತಗಡು, ಒಂದು ಬಾಗಿಲು. ಬ್ಯಾಡ್ಮಿಂಟನ್‌ಗೆ ಕಟ್ಟಿದ್ದು, ಆಮೇಲೆ ನೆಟ್ ಇಳಿಸಿ ಪಿಕಲ್‌ಬಾಲ್ ಬೋರ್ಡ್ ಹಾಕಿದ್ದರು. ಗಂಟೆಗೆ 400 ರೂಪಾಯಿ. ನಾಲ್ಕು ಜನ ಹಂಚಿಕೊಂಡರೆ ಒಬ್ಬರಿಗೆ ನೂರು, ಅದೇನು ಭಾರ ಅಲ್ಲ. ಆದರೆ ಸಂಜೆ 6 ಗಂಟೆಗೆ ಒಳಗೆ ಕಾಲಿಟ್ಟರೆ ರೊಟ್ಟಿ ಹಂಚಿನ ಮೇಲೆ ನಿಂತ ಹಾಗೆ. ಹೊರಗೆ ಸೂರ್ಯ ಇಳಿದಿರುತ್ತಾನೆ, ಗಾಳಿ ತಣ್ಣಗಾಗುತ್ತಿರುತ್ತದೆ. ಒಳಗೆ ತಗಡು ಇಡೀ ದಿನ ಕುಡಿದ ಬಿಸಿಲನ್ನು ಆಗ ನಮ್ಮ ತಲೆಯ ಮೇಲೆ ಸುರಿಯುತ್ತಿರುತ್ತದೆ. ಫ್ಯಾನ್ ಇವೆ. ಹಾಕುವ ಹಾಗಿಲ್ಲ. ಚೆಂಡಿನ ತೂಕವೇ 22ರಿಂದ 26 ಗ್ರಾಂ, ಫ್ಯಾನಿನ ಗಾಳಿಗೆ ದಾರಿ ತಪ್ಪುತ್ತದೆ. ಹಾಗಾಗಿ ಒಂದು ಗೇಮ್ ಆಡು, ಫ್ಯಾನ್ ಹಾಕು, ಕೂತುಕೋ, ಫ್ಯಾನ್ ಆರಿಸು, ಮತ್ತೆ ಆಡು. ಒಂದು ಗಂಟೆಯಲ್ಲಿ ಆಡಿದ್ದು 35 ನಿಮಿಷ.

ಸದ್ದು ಬೇರೆ. ಗಟ್ಟಿ ಪ್ಯಾಡಲ್, ಗಟ್ಟಿ ಚೆಂಡು, ಸುತ್ತಲೂ ತಗಡು. ಪ್ರತಿ ಹೊಡೆತಕ್ಕೂ ಪಟಾಕಿ ಹಚ್ಚಿದ ಹಾಗೆ. ಡಬಲ್ಸ್‌ನಲ್ಲಿ ಸರ್ವ್ ಮಾಡುವಾಗ ಮೂರು ಅಂಕಿ ಕೂಗಬೇಕು: ನಮ್ಮ ಪಾಯಿಂಟು, ಅವರ ಪಾಯಿಂಟು, ಸರ್ವ್ ಮಾಡುವವರು ಒಂದನೆಯವರೋ ಎರಡನೆಯವರೋ. "ನಾಲ್ಕು, ಎರಡು, ಒಂದು" ಅಂದರೆ ಆಚೆ ಕಡೆಯವರಿಗೆ ಬರೀ "ಒಂದು, ಒಂದು, ಒಂದು" ಎಂದು ಕೇಳುತ್ತದೆ. ಅರ್ಧ ಜಗಳ ಇದರಿಂದಲೇ.

ಉಳಿದರ್ಧ ಜಗಳ ಗೆರೆಯಿಂದ. ಬ್ಯಾಡ್ಮಿಂಟನ್‌ನ ಮುಂದಿನ ಸರ್ವಿಸ್ ಗೆರೆ ನೆಟ್‌ನಿಂದ ಆರೂವರೆ ಅಡಿ ದೂರ. ನಮ್ಮ ಕಿಚನ್ ಗೆರೆ 7 ಅಡಿ. ಆ ಶೆಡ್‌ನವರು ಬೇರೆ ಟೇಪ್ ಹಚ್ಚದೆ, ಇದ್ದ ಗೆರೆಯನ್ನೇ ಕಿಚನ್ ಎಂದು ತೋರಿಸಿಬಿಟ್ಟಿದ್ದರು. ನಾವು ಆರು ತಿಂಗಳು ಹಾಗೇ ಆಡಿದೆವು. ಆಮೇಲೆ ಸರಿಯಾದ ಕೋರ್ಟಿಗೆ ಹೋದ ಮೊದಲ ದಿನ ನಾನು ಹೊಡೆದದ್ದೆಲ್ಲ ಫೌಲ್. ಅರ್ಧ ಅಡಿಗೆ ಕಾಲು ಹೊಂದಿಸಿಕೊಳ್ಳಲು ಮತ್ತೆರಡು ತಿಂಗಳು ಹಿಡಿಯಿತು.

ಒಂದು ಸಲ ಸ್ಕೋರ್ ಹತ್ತಕ್ಕೆ ಹತ್ತು, ಎರಡು ಪಾಯಿಂಟ್ ಮುಂದೆ ಹೋದವರು ಗೆಲ್ಲಬೇಕು. ಚೆಂಡು ಗಾಳಿಯಲ್ಲಿದೆ, ಕರೆಂಟ್ ಹೋಯಿತು. ಕತ್ತಲಲ್ಲಿ ಚೆಂಡು ನನ್ನ ಕನ್ನಡಕಕ್ಕೇ ಬಡಿಯಿತು. ಕನ್ನಡಕ ಇತ್ತು, ಕಣ್ಣು ಉಳಿಯಿತು. ಅವತ್ತಿನಿಂದ ಕನ್ನಡಕ ಇಲ್ಲದವರಿಗೂ ಪ್ಲಾಸ್ಟಿಕ್ ಗಾಗಲ್ ಹಾಕಿಕೊಳ್ಳಿ ಎಂದು ಗಂಟು ಬೀಳುತ್ತೇನೆ. ಒಳಗಾಗಲಿ, ಹೊರಗಾಗಲಿ.

ಹಾಗಂತ ಒಳಗಿನ ಆಟ ಕೆಟ್ಟದ್ದು ಅನ್ನುತ್ತಿಲ್ಲ. ಒಳ್ಳೆಯ ಹಾಲ್ ಇದ್ದರೆ, ಎತ್ತರದ ಚಾವಣಿ ಇದ್ದರೆ, ಅದರ ಸುಖವೇ ಬೇರೆ. ಚೆಂಡೇ ಬೇರೆ. ಒಳಗಿನ ಚೆಂಡಿಗೆ ಸಾಮಾನ್ಯವಾಗಿ 26 ದೊಡ್ಡ ತೂತು, ಮೆತ್ತಗಿರುತ್ತದೆ, ನಿಧಾನ ಬರುತ್ತದೆ. ಹೊರಗಿನದಕ್ಕೆ 40 ಸಣ್ಣ ತೂತು, ಗಟ್ಟಿ, ಗಾಳಿಯನ್ನು ಸೀಳಿಕೊಂಡು ಬರುತ್ತದೆ. ಒಳಗಿನ ಚೆಂಡಿನಲ್ಲಿ ರ‍್ಯಾಲಿ ಉದ್ದ ನಡೆಯುತ್ತದೆ, ಕೈಗೆ ಹಿಡಿತ ಸಿಗುತ್ತದೆ. ಹೊಸಬರು, ಮೊಣಕಾಲು ನೋವಿನವರು, ಅರವತ್ತು ದಾಟಿದವರು ಅಲ್ಲೇ ಶುರು ಮಾಡಲಿ. ದುಡ್ಡು ಉಳಿಸಲು ಒಂದೇ ಚೆಂಡು ಎರಡೂ ಕಡೆ ಒಯ್ಯಬೇಡಿ ಅಷ್ಟೇ. ನಾನು ಒಯ್ದಿದ್ದೆ. ಹೊರಗಿನ ಚೆಂಡು ಮರದ ನೆಲದ ಮೇಲೆ ಏಳುವುದೇ ಇಲ್ಲ, ಜಾರಿಕೊಂಡು ಹೋಗುತ್ತದೆ. ಒಳಗಿನ ಚೆಂಡನ್ನು ಹೊರಗೆ ತಂದರೆ ಅದು ಗಾಳಿಪಟ.

ನಮ್ಮೂರಿನ ಗಾಳಿ ಅಂದರೆ ಗೊತ್ತಲ್ವಾ? ಜೂನ್ ಬಂತು, ಮಳೆ ಬರುತ್ತದೋ ಇಲ್ಲವೋ, ಗಾಳಿಯಂತೂ ಬಂದೇ ಬರುತ್ತದೆ. ಆಷಾಢದಲ್ಲಿ ನಾನು ಮೇಲಕ್ಕೆ ಎತ್ತಿ ಹೊಡೆದ ಚೆಂಡು ನನ್ನ ಕಡೆಗೇ ವಾಪಸ್ ಬಂದು ಬಿದ್ದದ್ದಿದೆ. ಎದುರಿನವರು ನಕ್ಕು ಕೂತುಬಿಟ್ಟರು. ನಾವು ಈಗ ಪ್ರತಿ ಗೇಮಿನಲ್ಲೂ 6 ಪಾಯಿಂಟಿಗೆ ಜಾಗ ಬದಲಿಸುತ್ತೇವೆ. ನಿಯಮದಲ್ಲಿ ಅದು ಕೊನೆಯ ಗೇಮಿಗೆ ಮಾತ್ರ, ಆದರೆ ಇಡೀ ಗೇಮ್ ಗಾಳಿಗೆ ಎದುರಾಗಿ ಆಡಿದವರ ಶಾಪ ಯಾರಿಗೆ ಬೇಕು?

ಆದರೂ ನಾನು ಬಯಲಿನವಳು. ಮುಂಜಾನೆ 5.30ಕ್ಕೆ ಕೋರ್ಟಿಗೆ ಹೋಗಿ ನಿಂತರೆ, ಮೇ ತಿಂಗಳಲ್ಲೂ ನಮ್ಮೂರು ಇಷ್ಟು ಚೆನ್ನಾಗಿದೆಯಾ ಅನ್ನಿಸುತ್ತದೆ. ಆ ಒಂದು ಗಂಟೆ ನಮ್ಮದು. 6.45ಕ್ಕೆ ಮುಗಿಸಿ, ಉಪ್ಪು ಹಾಕಿದ ಮಜ್ಜಿಗೆ ಕುಡಿದು, ಸ್ನಾನ ಮಾಡಿ 8ಕ್ಕೆ ಕಚೇರಿಯಲ್ಲಿರುತ್ತೇನೆ. ಸುಸಲಾ, ಮಿರ್ಚಿ ಭಜಿ ಭಾನುವಾರಕ್ಕೆ ಮಾತ್ರ. (ತೂಕ ಯಾಕೆ ಇಳಿದಿಲ್ಲ ಎಂದು ಕೇಳಬೇಡಿ, ಉತ್ತರ ಈ ಸಾಲಿನಲ್ಲೇ ಇದೆ.) ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಬಿಸಿಲು ಏರಿದ ಮೇಲೆ "ಇನ್ನೊಂದು ಗೇಮ್" ಅನ್ನಬೇಡಿ. ಆ ಮಾತ್ರೆಗಳಲ್ಲಿ ಕೆಲವು ಮೈಯ ನೀರನ್ನು ಜಾಸ್ತಿ ಹೊರಗೆ ಹಾಕುತ್ತವೆ. ನಮ್ಮ ಗುಂಪಿನ ಒಬ್ಬರು ಹಾಗೇ ತಲೆ ತಿರುಗಿ ಬಿದ್ದಿದ್ದಾರೆ.

ಬಯಲು ಕೋರ್ಟ್ ಕಟ್ಟುವುದು ಮಾತ್ರ ನಮ್ಮೂರಿನಲ್ಲಿ ಸುಲಭ ಇಲ್ಲ. ಕಾರಣ ನಮ್ಮ ಮಣ್ಣು. ತೊಗರಿಗೆ ಬಂಗಾರದಂಥ ಕರಿ ಎರೆ ಮಣ್ಣು, ಕೋರ್ಟಿಗೆ ಶನಿ. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲೆ ಎಷ್ಟೇ ಚಂದದ ನೀಲಿ ಬಣ್ಣ ಬಳಿಯಿರಿ, ಕೆಳಗಿನ ಎರೆ ತೆಗೆದು ಮುರುಮು (ಗರಸು ಮಣ್ಣು) ತುಂಬಿ ದಮ್ಮಸ್ ಮಾಡದಿದ್ದರೆ ಕಾಂಕ್ರೀಟ್ ಸೀಳುತ್ತದೆ. ನಾವು ಆಡುವ ಕೋರ್ಟಿನ ಬಲಗಡೆ ಒಂದು ಬಿರುಕಿದೆ. ಚೆಂಡು ಅಲ್ಲಿ ಬಿದ್ದರೆ ಎತ್ತ ಹೋಗುತ್ತದೆ ಎಂದು ದೇವರಿಗೂ ಗೊತ್ತಿಲ್ಲ. ಬೀದರ್‌ನಲ್ಲಿರುವ ನನ್ನ ತಂಗಿಗೆ ಈ ಕಷ್ಟ ಇಲ್ಲ. ಅವರದು ಎತ್ತರದ ಊರು, ಸ್ವಲ್ಪ ತಂಪು, ಕೆಳಗೆ ಕೆಂಪು ಜಂಬಿಟ್ಟಿಗೆ. ಫೋನ್ ಮಾಡಿದಾಗಲೆಲ್ಲ "ನಮ್ಮಲ್ಲಿ ಎಂಟೂವರೆ ತನಕಾ ಆಡತೀವಿ" ಎಂದು ಉರಿಸುತ್ತಾಳೆ.

ಇನ್ನೊಂದು ಮಾತು. ಹೊಸ ಕೋರ್ಟ್ ಹಾಕುವವರು ದಿಕ್ಕು ನೋಡಿ ಹಾಕಿ. ಉದ್ದ ಉತ್ತರ ದಕ್ಷಿಣ ಇರಬೇಕು. ಪೂರ್ವ ಪಶ್ಚಿಮ ಹಾಕಿದರೆ ಬೆಳಿಗ್ಗೆ ಒಬ್ಬರ ಕಣ್ಣಿಗೆ ಸೂರ್ಯ, ಸಂಜೆ ಇನ್ನೊಬ್ಬರ ಕಣ್ಣಿಗೆ. ಮನೆಗೆ ವಾಸ್ತು ನೋಡುವ ಜನ ಕೋರ್ಟಿಗೆ ನೋಡುವುದಿಲ್ಲ.

ಈಗ ನನ್ನ ಅಸಲು ಮಾತು. ನಮ್ಮೂರಿಗೆ ಬೇಕಾದದ್ದು ತಗಡಿನ ಡಬ್ಬಿಯೂ ಅಲ್ಲ, ಬರೀ ಬಯಲೂ ಅಲ್ಲ. ಎತ್ತರದ ಚಾವಣಿ, ಸುತ್ತಲೂ ತೆರೆದ ಜಾಗ. ನೆರಳು ಮೇಲಿಂದ, ಗಾಳಿ ಪಕ್ಕದಿಂದ. ಇದೇನು ಹೊಸ ವಿದ್ಯೆ ಅಲ್ಲ. ನಮ್ಮ ಕೋಟೆಯೊಳಗಿನ ಜಾಮಿಯಾ ಮಸೀದಿಗೆ ಹೋಗಿ ನೋಡಿ. 1367ರದ್ದು, ಬಹಮನಿಗಳ ಕಾಲದ್ದು. ಬೇರೆ ಕಡೆ ದೊಡ್ಡ ಮಸೀದಿಗಳಲ್ಲಿ ನಡುವೆ ತೆರೆದ ಅಂಗಳ ಇರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಇಡೀ ಜಾಗವನ್ನು ಗುಮ್ಮಟಗಳಿಂದ ಮುಚ್ಚಿದ್ದಾರೆ. ಹಾಗಂತ ಕತ್ತಲೆಯೂ ಇಲ್ಲ, ಸೆಕೆಯೂ ಇಲ್ಲ. ಪಕ್ಕದ ಅಗಲವಾದ ಕಮಾನುಗಳಿಂದ ಬೆಳಕು, ಗಾಳಿ ಎರಡೂ ಒಳಗೆ ಬರುತ್ತವೆ. ಯಾಕೆ ಹಾಗೆ ಕಟ್ಟಿದರೋ, ಕಟ್ಟಿದವರನ್ನೇ ಕೇಳಬೇಕು. ಆದರೆ ಒಂದು ಮೇ ಮಧ್ಯಾಹ್ನ ಕೋಟೆಯೆಲ್ಲ ಸುತ್ತಿ ಬೆಂದು, ಆ ಕಮಾನಿನ ಕೆಳಗೆ ಕೂತಾಗ ನನಗೆ ಅನ್ನಿಸಿದ್ದು ಒಂದೇ: ಇಲ್ಲಿಯ ಬಿಸಿಲಿಗೆ ಹೀಗೇ ಕಟ್ಟಬೇಕು. ಅಷ್ಟು ದೂರ ಬೇಡ ಅಂದರೆ ಗಂಜ್‌ಗೆ, ಅಂದರೆ ಕಾಳಿನ ಮಾರುಕಟ್ಟೆಗೆ ಹೋಗಿ. ತೊಗರಿ ಚೀಲ ಇಡುವ ಶೆಡ್‌ಗೆ ಮಾಡು ಇದೆ, ಗೋಡೆ ಇಲ್ಲ. ಹಮಾಲರಿಗೆ ಗೊತ್ತಿರುವುದು ನಮ್ಮ ಕೋರ್ಟ್ ಮಾಲೀಕರಿಗೆ ಗೊತ್ತಿಲ್ಲ.

ಇದನ್ನು ಗುಂಪಿನಲ್ಲಿ ಹೇಳಿದಾಗ ಗಂಡಸರೆಲ್ಲ ಹೆಬ್ಬೆರಳು ಎತ್ತಿದರು. ಹೆಂಗಸರು ಸುಮ್ಮನಿದ್ದರು. ಆಮೇಲೆ ಒಬ್ಬಳು ಬೇರೆಯಾಗಿ ಫೋನ್ ಮಾಡಿದಳು. "ಅಕ್ಕಾ, ನಿನಗ ತಗಡಿನ ಸೆಕೆ ಕಾಣಸ್ತದ. ನನಗ ಗೋಡಿ ಕಾಣಸ್ತದ. ಗೋಡಿ ಇದ್ರ ರಸ್ತಾದಾಗ ಬೈಕ್ ನಿಲ್ಲಿಸಿ ನೋಡೋರು ಇರಂಗಿಲ್ಲ."

ನನಗೆ ಮಾತು ಬರಲಿಲ್ಲ. ಯಾಕಂದರೆ ನಾನೂ ಮೊದಲ ಆರು ತಿಂಗಳು ಬಯಲಿಗೆ ಬರದೇ ಇದ್ದದ್ದು ಅದಕ್ಕೇ. ಸೆಕೆಯಲ್ಲಿ ಬೆಂದರೂ ಸರಿ ಎಂದು ಆ ಡಬ್ಬಿಯಲ್ಲೇ ಆಡಿದ್ದೆ. ಈಗ ರೂಢಿಯಾಗಿದೆ, ಯಾರು ನೋಡಿದರೂ ನನಗೇನು ಅನ್ನಿಸುತ್ತದೆ. ಆದರೆ ಅವಳಿಗೆ ಇಪ್ಪತ್ತಾರು ವರ್ಷ. "ರೂಢಿ ಮಾಡಿಕೋ" ಎಂದು ಹೇಳುವುದು ನ್ಯಾಯ ಅಲ್ಲ ಅಲ್ವಾ?

ಹಾಗಾಗಿ ನನ್ನ ನಕ್ಷೆಗೆ ಒಂದು ತಿದ್ದುಪಡಿ. ಚಾವಣಿ ಎತ್ತರಕ್ಕೆ, ಅದರ ಕೆಳಗೆ ಸುತ್ತಲೂ ಆಳೆತ್ತರ ಹಸಿರು ನೆಟ್. ನರ್ಸರಿಗಳಲ್ಲಿ ಕಟ್ಟುತ್ತಾರಲ್ಲ, ಅದು. ಹೊರಗಿನವರ ಕಣ್ಣಿಗೆ ಅಡ್ಡ, ಆಷಾಢದ ಗಾಳಿಗೂ ಅರ್ಧ ಅಡ್ಡ. ಮೇಲಿನ ಭಾಗ ಪೂರ್ತಿ ತೆರೆದಿರಲಿ, ಬಿಸಿ ಗಾಳಿ ಹೊರಗೆ ಹೋಗಲಿ. ಗೋಡೆಗೆ ಹಾಕುವ ದುಡ್ಡನ್ನು ನೆಲದ ಕೆಳಗಿನ ಮುರುಮಿಗೆ ಹಾಕಿ.

ನಮ್ಮ ಪರಿಚಯದವರೊಬ್ಬರು ಸೇಡಂ ರೋಡಿನ ಕಡೆ ಜಾಗ ಇಟ್ಟುಕೊಂಡು ಕೋರ್ಟ್ ಮಾಡುವ ಯೋಚನೆಯಲ್ಲಿದ್ದಾರೆ. ಮೊನ್ನೆ ಅವರ ಮುಂದೆ ಕಾಗದದ ಮೇಲೆ ಎಲ್ಲ ಬರೆದು ತೋರಿಸಿದೆ. ದಿಕ್ಕು, ಮುರುಮು, ಚಾವಣಿ, ನೆಟ್, ಎಲ್ಲ. ಅವರು ಅರ್ಧ ಗಂಟೆ ತಲೆ ಆಡಿಸುತ್ತಾ ಕೇಳಿದರು. ಕೊನೆಗೆ ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡು ಕೇಳಿದರು:

"ಎಲ್ಲಾ ಛಲೋ ಅದ ಮೇಡಂ. ಆದ್ರ ಗೋಡಿ ಇಲ್ಲಂದ್ರ ಎ.ಸಿ. ಎಲ್ಲಿ ಕೂಡಸೋದು?"